ತೂಬು ಪರಿಶೀಲನೆ

ಅವರ ದಿನಚರಿ ಬರೆಯುವವನು ನಾನು.
ಹತ್ತೂವರೆಗೆ ಏರಿಯ ಬಜೆಟ್ಟು, ಹನ್ನೊಂದಕ್ಕೆ ಮಂತ್ರಿಯ ಫೋನು,
ಹನ್ನೊಂದೂವರೆಗೆ ಹಾಲಿನ ರೈತರ ನಿಯೋಗ:
ಹೊಲದಲ್ಲಿ ನೀರು ಹೆಚ್ಚೆಂದು ಅರ್ಧ ಜನ,
ಕಡಿಮೆಯೆಂದು ಇನ್ನರ್ಧ.
ನಡುವೆ, ಹನ್ನೊಂದು ಹತ್ತರಿಂದ ಇಪ್ಪತ್ತೆರಡರವರೆಗೆ,
ದಿನವೂ ಒಂದೇ ಸುಳ್ಳು ನನ್ನ ಕೈಬರಹದಲ್ಲಿ:
‘ತೂಬು ಪರಿಶೀಲನೆ.’

ಫ್ರೀಸ್‌ಲ್ಯಾಂಡಿನ ಈ ತಗ್ಗಿನಲ್ಲಿ
ಸಮುದ್ರ ಕಾಲಡಿಗಲ್ಲ, ತಲೆಯ ಮಟ್ಟಕ್ಕೆ.
ಏರಿಯೊಂದು ಬಿರಿದರೆ ಹಸು, ಚರ್ಚು, ಸೈಕಲ್ಲು ಎಲ್ಲ ಗುಳುಂ.
ಏರಿಗಳಿಗೆಲ್ಲ ಒಡತಿ ವೀತ್ಸ್ಕೆ ಹೂಕೆಮಾ.
ಐವತ್ತೆಂಟು ವರ್ಷ, ಒಂದು ಮೊಣಕಾಲು ನೋವು,
ಮೂರು ಫೋನು.

ಮೂರನ್ನೂ ನನ್ನ ಮೇಜಿನ ಮೇಲೆ ಬೋರಲು ಹಾಕಿ
ಮೆಟ್ಟಿಲಿಳಿಯುತ್ತಾರೆ.
ಕಟ್ಟಡದ ಹಿಂದೆ ಕಾಲುವೆ, ಕಾಲುವೆಗೆ ಎರಡು ಕದದ ತೂಬು,
ತೂಬಿಗೊಬ್ಬ ಫೊಪ್ಪೆ.
ಫೊಪ್ಪೆಗೊಂದು ಗಾಳದ ಕೋಲು,
ಕೋಲಿನ ತುದಿಯ ದಾರಕ್ಕೆ ಮರದ ಮೆಟ್ಟು.
ದೋಣಿ ಬಂದರೆ ಮೆಟ್ಟು ತೂಗುತ್ತ ಹೋಗುತ್ತದೆ ನೀರಿನ ಮೇಲೆ,
ದೋಣಿಯವರು ಅದರೊಳಗೆ ಸುಂಕದ ನಾಣ್ಯ ಹಾಕುತ್ತಾರೆ.
ಅಜ್ಜನ ಕಾಲದ ಪದ್ಧತಿ. ಕಾರ್ಡಿನ ಯಂತ್ರ ಬಂದಿತ್ತು,
ಮಳೆಗೆ ನೆನೆದು ಸತ್ತಿತು.

ಹನ್ನೆರಡು ನಿಮಿಷ ಫೊಪ್ಪೆ ಕಾಫಿ ಕುಡಿಯುತ್ತಾನೆ.
ಹನ್ನೆರಡು ನಿಮಿಷ ಕೋಲು ಅವರದು.

ಹಿಂದಿನ ಕದ ಮುಚ್ಚಿದೆ, ಮುಂದಿನದು ತೆರೆದಿಲ್ಲ.
ನಡುವೆ ದೋಣಿ
ಹೋಗುತ್ತಲೂ ಇಲ್ಲ, ಬರುತ್ತಲೂ ಇಲ್ಲ,
ಎಂಜಿನ್ನು ಆರಿಸಿ ಸುಮ್ಮನಿದೆ.
ಯಾರೂ ಎತ್ತುತ್ತಿಲ್ಲ, ಆದರೂ ಏರುತ್ತಿದೆ
ಬೆರಳಷ್ಟು, ಗೇಣಷ್ಟು, ಮೊಳದಷ್ಟು.
ಪಾಚಿಗಟ್ಟಿದ ಇಟ್ಟಿಗೆಗಳು ಸಾಲುಸಾಲಾಗಿ ಮುಳುಗುತ್ತವೆ.
ಕಿಟಕಿಯಿಂದ ನೋಡುತ್ತೇನೆ:
ಅವರ ಹೆಗಲೂ ಹಾಗೆಯೇ, ಆದರೆ ಕೆಳಮುಖ,
ಕಿವಿಯ ಹತ್ತಿರದಿಂದ ತನ್ನ ಜಾಗಕ್ಕೆ ಇಳಿಯುತ್ತದೆ.

ಬೇಸಿಗೆಯಲ್ಲಿ ಜರ್ಮನಿಯ ದೋಣಿಯಿಂದ ಪೋರನೊಬ್ಬ ಕೂಗಿದ:
‘ಅಜ್ಜೀ, ಬೇಗ! ನಮಗೆ ಹೊತ್ತಾಯಿತು!’
ಮಂತ್ರಿಗಳು ಎದ್ದು ನಿಂತು ಮಾತಾಡಿಸುವ ಹೆಂಗಸು
‘ನೀರಿಗೆ ಹೇಳಪ್ಪ’ ಎಂದರಂತೆ.
ಆ ಮಧ್ಯಾಹ್ನವೆಲ್ಲ ಸಭೆಯ ನಡುನಡುವೆ
ತಮ್ಮಷ್ಟಕ್ಕೆ ನಗುತ್ತಿದ್ದರು.

ಮೊದಲು ಹೀಗಿರಲಿಲ್ಲ.
ಎರಡು ವರ್ಷದ ಹಿಂದೆ, ನವೆಂಬರಿನ ಬಿರುಗಾಳಿಗೆ,
ಮೂರು ರಾತ್ರಿ ರೆಪ್ಪೆಗೆ ರೆಪ್ಪೆ ಹಚ್ಚದೆ
ನಕ್ಷೆಯ ಮುಂದೆ ನಿಂತೇ ಇದ್ದರು.
ನಾಲ್ಕನೆಯ ಬೆಳಗು, ಉಬ್ಬರ ತುದಿಗೇರಿದಾಗ,
ಗಟ್ಟಿ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದರು: ‘ತೆರೆಯಿರಿ.’
ಕೋಣೆಯಲ್ಲಿ ಎಂಟು ಜನ ಎಂಜಿನಿಯರುಗಳು. ಯಾರೂ ಉಸಿರೆತ್ತಲಿಲ್ಲ.
ಫೋನಿನ ಆ ತುದಿಯಿಂದ ಫೊಪ್ಪೆ ಮಾತ್ರ:
‘ಮುಚ್ಚಬೇಕು ಅಂದಿರಲ್ಲವೇ, ಮೇಡಂ?’

ಆ ಮೌನ ಎಷ್ಟು ಹೊತ್ತಿತ್ತೋ, ನಾನು ಬರೆದುಕೊಳ್ಳಲಿಲ್ಲ.
‘ಹೌದು. ಮುಚ್ಚಿ.’

ಕುಡಿದವರ ನಾಲಗೆ ತೊದಲುತ್ತದೆ, ಎದುರಿನವರಿಗೆ ಗೊತ್ತಾಗುತ್ತದೆ.
ದಣಿದವರ ನಾಲಗೆ ತೊದಲುವುದಿಲ್ಲ.

ಮರುವಾರ ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ,
‘ಯೆಲ್ಮರ್, ದಿನಕ್ಕೆ ಹನ್ನೆರಡು ನಿಮಿಷ. ಏನಾದರೂ ಹೆಸರಿಡು’ ಎಂದರು,
ಕೈಸಾಲ ಕೇಳುವವರ ಹಾಗೆ.
ಇಟ್ಟೆ.

ಇವತ್ತು ಲೆಕ್ಕ ತಪಾಸಣೆಯವನು ಬಂದಿದ್ದಾನೆ.
ಹಾಳೆ ತಿರುವುತ್ತ ಕೇಳಿದ:
‘ಒಂದೇ ತೂಬನ್ನು ವರ್ಷಕ್ಕೆ ಇನ್ನೂರು ಸಲ ಪರಿಶೀಲಿಸುವುದೇ?’
‘ಹಳೆಯದು, ಸಾರ್’ ಎಂದೆ. ‘ಒತ್ತಡ ಜಾಸ್ತಿ.’
ಬರೆದುಕೊಂಡ.

ಚಳಿಗಾಲ. ಕಾಲುವೆಯಲ್ಲಿ ದೋಣಿಯಿಲ್ಲ.
ಆದರೂ ಹೋಗಿದ್ದಾರೆ, ಕೋಲು ಹಿಡಿದು ನಿಂತಿದ್ದಾರೆ.
ನೀರಿನ ಮೇಲೆ ಖಾಲಿ ಮೆಟ್ಟು,
ಗಾಳಿ ಬಂದರೆ ಆಚೆ,
ಇಲ್ಲದಿದ್ದರೆ ಅಲ್ಲೇ.

ಮೇಜಿನ ಮೇಲೆ ಬೋರಲು ಮಲಗಿದ ಫೋನೊಂದು
ಅಂಗಾತ ಬಿದ್ದ ಜೀರುಂಡೆಯ ಹಾಗೆ ಗುಂಯ್‌ಗುಡುತ್ತ
ಅಂಚಿನತ್ತ ಸರಿಯುತ್ತಿದೆ.
ಬೀಳುವ ಮುನ್ನ ಹಿಡಿಯುತ್ತೇನೆ. ಮಾತಾಡುವುದಿಲ್ಲ.
ಇನ್ನೂ ನಾಲ್ಕು ನಿಮಿಷವಿದೆ.