ಕಟ್ಟಿಸಿದ ಹಲ್ಲು

ಗಾಳಿ ಎಂದರೆ ನನಗೆ ಗೊತ್ತು ಅಂದುಕೊಂಡಿದ್ದೆ.
ಬಾಹಿಯಾ ಬ್ಲಾಂಕಾದ ಬಸ್ ನಿಲ್ದಾಣದಲ್ಲಿ
ಇಪ್ಪತ್ತಾರು ವರ್ಷ ಗಾಜಿನ ಹಿಂದೆ ಕೂತು
ದಕ್ಷಿಣಕ್ಕೆ ಹೋಗುವವರಿಗೆಲ್ಲ ಟಿಕೆಟ್ಟು ಹರಿದವಳು.
ಇಳಿದು ಬಂದವರ ತಲೆಗೂದಲು ನೋಡಿಯೇ ಹೇಳುತ್ತಿದ್ದೆ
ಅಲ್ಲಿ ಗಾಳಿ ಎಷ್ಟೆಂದು.

ಇದು ಬೇರೆ.
ಇದಕ್ಕೆ ಮರದ ಹಂಗಿಲ್ಲ, ಗೋಡೆಯ ಹಂಗಿಲ್ಲ.
ನಲವತ್ತನೇ ನಂಬರಿನ ರಸ್ತೆ, ಬರೀ ಜಲ್ಲಿ.
ಬಲಕ್ಕೆ ವಾಲಿದರಷ್ಟೇ ಗಾಡಿ ನೆಟ್ಟಗೆ ಹೋಗುವುದು,
ಕುಡಿದವನಿಗೆ ಹೆಗಲು ಕೊಟ್ಟು
ಮನೆ ಮುಟ್ಟಿಸುವ ಹಾಗೆ.

ನೂರೈವತ್ತು ಸೀಸಿ. ಬೇಕರಿ ಹುಡುಗನಿಂದ ಕೊಂಡದ್ದು,
ಹಿಂದಿನ ಡಬ್ಬಿಯಲ್ಲಿ ಇನ್ನೂ ಬ್ರೆಡ್ಡಿನ ವಾಸನೆ.
ಹತ್ತೊಂಬತ್ತು ದಿನದಲ್ಲಿ ನಾನಾಡಿದ ಮಾತು
ಪೆಟ್ರೋಲು ಹಾಕುವವರ ಹತ್ತಿರ: ‘ಫುಲ್ ಮಾಡಿ.’
ಅಷ್ಟೇ. ಸುಖವಾಗಿತ್ತು.

ಆಮೇಲೆ, ಒಂದು ಗಳಿಗೆ, ಗಾಳಿ ನಿಂತಿತು.
ಆದದ್ದು ಅದೇ.
ಒರಗಿದ್ದ ಗೋಡೆ ಹೇಳದೆ ಎದ್ದು ಹೋದಂತೆ
ಬಲಕ್ಕೆ ಬಿದ್ದೆವು, ನಾನೂ ಗಾಡಿಯೂ.

ಕಾಲು ಕೆಳಗೆ. ಬೂಟಿನ ರಬ್ಬರು ಸೈಲೆನ್ಸರಿಗೆ ಹತ್ತಿ
ಕಮಟು ಹೊಗೆ. ತೊಟ್ಟಿಕ್ಕಿದ ಪೆಟ್ರೋಲನ್ನು
ಜಲ್ಲಿ ನಿಧಾನಕ್ಕೆ ಕುಡಿಯುತ್ತಿತ್ತು.
ಬೇಲಿಯಾಚೆ ಐದು ಗುವಾನಾಕೊಗಳು
ಕತ್ತು ಉದ್ದ ಮಾಡಿ ಸಾಲಾಗಿ ನಿಂತವು.
ಕೂಗಿದೆ. ಏನು ಕೂಗಬೇಕೆಂದು ತಿಳಿಯದೆ
ಬಾಯಿಗೆ ಅಭ್ಯಾಸವಾದದ್ದೇ ಬಂತು:
‘ಹೋಗಿ ಬರುವುದಾ, ಬರೀ ಹೋಗುವುದಾ?’
ಮೂರು ಗಂಟೆ ಕಾಲ
ಸಾಲಲ್ಲಿ ನಿಂತವರು ಯಾರೂ ಉತ್ತರಿಸಲಿಲ್ಲ.

ಎವಾರಿಸ್ತೊ ವೆಂಚುಲ್ ಕುದುರೆಯ ಮೇಲೆ ಬಂದ,
ಹಿಂದೆ ಮೂರು ನಾಯಿ.
ಯಾರು, ಎಲ್ಲಿಂದ, ಒಬ್ಬಳೇ ಯಾಕೆ, ಕೇಳಲಿಲ್ಲ.
ಹ್ಯಾಂಡಲಿಗೆ ಹಗ್ಗ ಬಿಗಿದು, ಕುದುರೆಯನ್ನು ಹಿಂದೆ ನಡೆಸಿ,
ಬಾವಿಯಿಂದ ಕರು ಎತ್ತಿದಂತೆ ಗಾಡಿ ಎತ್ತಿದ.
ಅವನ ಗುಡಿಸಲಲ್ಲಿ ಕಾಲಿಗೆ ಕುರಿಯ ಕೊಬ್ಬು ಸವರಿದ,
ಎರ್ಬಾ ಎಲೆಯ ಕಹಿನೀರು ಕೊಟ್ಟ.
ಹರಿದ ಆಕ್ಸಲರೇಟರಿನ ತಂತಿಗೆ
ಚರ್ಮದ ದಾರ ಹೆಣೆದು ಕಟ್ಟಿ,
ಬಾಯಿಗೆ ಅಂಗೈ ಅಡ್ಡ ಹಿಡಿದೇ ಹೇಳಿದ:
‘ಲಗಾಮು ಅಂದುಕೋ. ಜಗ್ಗಬೇಡ, ಕೇಳು.’

ನಾಚಿಕೆಯೋ ಏನೋ ಅಂದುಕೊಂಡಿದ್ದೆ.
ಹೊರಡುವ ಹೊತ್ತಿಗೆ ತಂಬಾಕಿನ ಡಬ್ಬಿ ತಂದ.
ಒಳಗೆ ಉಣ್ಣೆಯ ಮೇಲೆ
ನಡುವೆ ಸೀಳಿದ, ಕಟ್ಟಿಸಿದ ಹಲ್ಲು.
ಈಸ್ಟರಿನಿಂದ ಗಂಜಿಯಂತೆ ಬೇಯಿಸಿಯೇ ಮಾಂಸ ತಿನ್ನುತ್ತಿದ್ದಾನಂತೆ.
‘ಗ್ರೆಗೋರೆಸ್‌ನಲ್ಲಿ ಒಬ್ಬಳು ಡಾಕ್ಟರಿದ್ದಾಳೆ, ಅಂಟಿಸುತ್ತಾಳೆ.
ಬರುವಾಗ ತಾ.’

ಬರುವಾಗ.
ಬಾಡಿಗೆ ಮನೆಯ ಬೀಗದಕೈ ಮಾಲೀಕನಿಗೆ ಒಪ್ಪಿಸಿ ಬಂದವಳು ನಾನು.
ಈ ದಾರಿಯಲ್ಲಿ, ಯಾವ ದಾರಿಯಲ್ಲೂ,
ಬರುವ ಮಾತೇ ಇರಲಿಲ್ಲ.
ಹೇಳಬಹುದಿತ್ತು. ಅವನು ಆಗಲೇ ಬಗ್ಗಿ
ನಾಯಿಯ ಕಾಲಿನ ಮುಳ್ಳು ಕೀಳುತ್ತಿದ್ದ.
ಪಕ್ಕದ ಮನೆಯವಳು ಅಂಗಡಿಗೆ ಹೊರಟಾಗ
ಉಪ್ಪು ತಾ ಅಂದಷ್ಟೇ ಹಗುರ.

ನೂರಾ ನಲವತ್ತು ಕಿಲೋಮೀಟರು,
ಮಣಿಕಟ್ಟಿಗೆ ಚರ್ಮದ ದಾರ.
ಪ್ರತಿ ಹಳ್ಳಕ್ಕೂ ಬ್ರೆಡ್ಡಿನ ಡಬ್ಬಿಯೊಳಗಿನ ತಂಬಾಕಿನ ಡಬ್ಬಿಯಲ್ಲಿ
ಕಟಕಟ ಕಟಕಟ,
ಹಿಂದಿನ ಸೀಟಲ್ಲಿ ಯಾರೋ ಚಳಿಗೆ ನಡುಗುವಂತೆ.
ಎರಡು ಸಲ ನಿಲ್ಲಿಸಿ ಮುಚ್ಚಳ ಬಿಗಿ ಮಾಡಿದೆ.
ಮೂರನೇ ಸಲ
ಮಫ್ಲರ್ ಬಿಚ್ಚಿ ಡಬ್ಬಿಗೆ ಸುತ್ತಿದೆ.
ಕುತ್ತಿಗೆಗೆ ಗಾಳಿ ಚೆನ್ನಾಗಿಯೇ ಹೊಡೆಯಿತು.