ಬರೀ ಚುಕ್ಕೆ

ಟುರ್ಕು ಅಂಚೆ ಕಚೇರಿಯ ಕಾಫಿ ಕೋಣೆಯಲ್ಲಿ
ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ, ನನ್ನೊಬ್ಬಳಿಗೆ.
ಅವರ ಮಾತಿನ ಸಂದಿಯಲ್ಲಿ ನಾನು ತೂರುವಷ್ಟರಲ್ಲಿ
ವಿಷಯ ಮೂರು ಓಣಿ ದಾಟಿರುತ್ತದೆ.

ರಾತ್ರಿ, ಪರದೆಯ ಬೆಳಕು ಕಾಲುಭಾಗಕ್ಕಿಳಿಸಿ
ಒಂದು ಸಾಲು ಬರೆಯುತ್ತೇನೆ, ಅಳಿಸುತ್ತೇನೆ,
ಮತ್ತೆ ಅದನ್ನೇ ಬರೆಯುತ್ತೇನೆ.
ವಾಲ್ಪರೈಸೊದಲ್ಲಿ ಎವರಿಸ್ತೊ
ಹನ್ನೊಂದು ಗಂಟೆ ಕಾದದ್ದೂ ಉಂಟು.
ಯಾಕೆ ತಡ ಎಂದವನಲ್ಲ.

"ಸರಿ." ಎಂದು ಕಳಿಸಿದರೆ
ತಂಗಿ ಐಲಿಗೆ ಆ ಚುಕ್ಕೆಯಲ್ಲಿ ಸಿಟ್ಟು ಕಾಣುತ್ತದೆ.
ಅವನಿಗೆ ಅದು ಬರೀ ಚುಕ್ಕೆ.

ಅಮ್ಮ ತೀರಿದ ವಾರ
ಎಲ್ಲರೂ ಹೆಗಲು ಮುಟ್ಟಿದರು. ಚರ್ಮ ಉರಿಯಿತು.
ಅವನು ಕಳಿಸಿದ್ದು
ತುಕ್ಕುಹಿಡಿದ ರೈಲು ಸಿಗ್ನಲ್ಲಿನ ಫೋಟೋ:
"೧೯೧೧ರದು. ತೋಳು ಇನ್ನೂ ಏಳುತ್ತದೆ."

ಆಗ ಅಳು ಬಂತು.
ಬರೆದೆ:
"ಎಣ್ಣೆ ಹಾಕುವವರು ಯಾರು?"