ಬೀಗದ ಕೈ ಇಲ್ಲದ ಚಂದ್ರ

ಟೊಲೀಡೊ ಊರಾಚೆ, ಆರ್ವಿಲ್‌ನ ಗ್ಯಾರೇಜಿನಲ್ಲಿ
ಒಂದು ಸತುವಿನ ರಾಕೆಟ್ಟು.
ಬಾಲಕ್ಕೆ ನಾಣ್ಯ ಸಿಕ್ಕಿಸಿ ಕೀಲು ಮೀಟಿದರೆ
ಟಣ್! ಗೇಣಿನಾಚೆಯ ಚಂದ್ರನ ಬಾಯಿಗೆ.

ಖಾತೆ ತೆರೆದ ಮಕ್ಕಳಿಗೆ ಬ್ಯಾಂಕು ಹಂಚಿದ್ದು,
ಐವತ್ತೊಂಬತ್ತರಲ್ಲಿ.
ಬ್ಯಾಂಕಿನ ಹೆಸರು ರೆಕ್ಕೆಯ ಮೇಲೆ ಅರ್ಧ ಉಳಿದಿದೆ;
ಬ್ಯಾಂಕಿದ್ದಲ್ಲಿ ಈಗ ಟಯರು ಮಾರುತ್ತಾರೆ.

ದರ ಕಟ್ಟುವವನ ಕಣ್ಣಲ್ಲಿ ನೋಡಿದೆ:
ಬಣ್ಣ ಎದ್ದಿದೆ, ಡಬ್ಬವಿಲ್ಲ, ಬೀಗದ ಕೈ ಇಲ್ಲ.
ಮುಟ್ಟದೆ ಇಟ್ಟಿದ್ದರೆ ಮುನ್ನೂರು ಡಾಲರು.
ಮಗು ಆಡಿದೆ, ಹಾಗಾಗಿ ನಲವತ್ತು.

ಅಲ್ಲಾಡಿಸಿದೆ.
ಒಳಗೆ ಚಿಲ್ಲರೆಯ ನಡುವೆ
ಚಿಲ್ಲರೆಯದಲ್ಲದ ಒಂದು ಸದ್ದು.

“ಹಲ್ಲು,” ಅಂದ ಆರ್ವಿಲ್,
“ನನ್ನ ಮೊದಲ ಹಾಲುಹಲ್ಲು.
ಅಷ್ಟು ಹಗುರದ್ದು ಅಲ್ಲಿಗೆ ಮುಟ್ಟೋದಿಲ್ಲ ಅಂತ
ಅಕ್ಕ ಲವೀನಿಯಾ ಪಣ ಕಟ್ಟಿದ್ದಳು.
ಮೂರು ಸಲ ನೆಲಕ್ಕೆ ಬಿತ್ತು. ನಾಲ್ಕನೇ ಸಲ...”

ನಕ್ಕ. ಮೇಲಿನ ಕಟ್ಟಿಸಿದ ಹಲ್ಲು ಜಾರಿತು,
ನಾಲಗೆಯಿಂದ ಒತ್ತಿ ಕೂರಿಸಿಕೊಂಡ.

ನಲವತ್ತು ಎಣಿಸಿ ಮೇಜಿನ ಮೇಲಿಟ್ಟೆ.
ಅವನು ನೋಟು ಮುಟ್ಟಲಿಲ್ಲ.
ಜೇಬು ತಡಕಿ ಒಂದು ಪೆನ್ನಿ ತೆಗೆದ, “ಕೊನೇ ಸಲ” ಎಂದು
ಒಂದು ಕಣ್ಣು ಮುಚ್ಚಿ ಮೀಟಿದ.

ಗುರಿ ತಪ್ಪಿತು. ಪೆನ್ನಿ ಎಲ್ಲೋ
ಹುಲ್ಲು ಕತ್ತರಿಸುವ ಯಂತ್ರದಡಿಗೆ ಉರುಳಿತು.

ಇಬ್ಬರೂ ಮಂಡಿಯೂರಿದೆವು,
ಎಣ್ಣೆ ಕಲೆಯ ಸಿಮೆಂಟಿನ ಮೇಲೆ, ಹುಡುಕುತ್ತ.